ಕಾರು ಕಳವು ತಡೆ: ಕಂಪನಿ ಕೊಟ್ಟ ಬೀಗ ಒಂದೇ ಸಾಲದು

ಮನೆಯ ಮುಂದೆ ನಿಲ್ಲಿಸಿದ್ದ ಕಾರು ಬೆಳಗಾಗುವಷ್ಟರಲ್ಲಿ ಕಾಣೆಯಾದರೂ ಬ್ಯಾಂಕಿನ ಸಾಲದ ಮಾಸಿಕ ಕಂತು ನಿಲ್ಲುವುದಿಲ್ಲ. ಮಧ್ಯಮ ವರ್ಗದ ಬಹುತೇಕ ಕುಟುಂಬಗಳಿಗೆ ಮನೆಯ ನಂತರದ ದೊಡ್ಡ ಖರೀದಿ ಎಂದರೆ ಕಾರು. ಅದು ಕಳವಾದರೆ ಪೊಲೀಸ್ ಠಾಣೆ, ವಿಮಾ ಕಂಪನಿ, ಬ್ಯಾಂಕು ಮತ್ತು ಪ್ರಾದೇಶಿಕ ಸಾರಿಗೆ ಕಚೇರಿಗಳ ನಡುವೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಕದ್ದ ಕಾರು ಬೇರೊಂದು ಅಪರಾಧಕ್ಕೆ ಬಳಕೆಯಾದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನೋಂದಣಿ ಪತ್ರದಲ್ಲಿ ಹೆಸರಿರುವ ಮಾಲೀಕರನ್ನೇ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಮುನ್ನೆಚ್ಚರಿಕೆ ಮೇಲು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಯೊಂದು ಭದ್ರತಾ ಸಾಧನವೂ ಎಲ್ಲ ಬಗೆಯ ಕಳವನ್ನು ತಡೆಯಲಾರದು. ಯಾವ ಸಾಧನ ಯಾವ ಕಳ್ಳನನ್ನು ತಡೆಯುತ್ತದೆ, ಯಾವುದು ಕೇವಲ ಸದ್ದು ಮಾಡುತ್ತದೆ, ಯಾವುದು ಕಳವಿನ ನಂತರವಷ್ಟೇ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತಿಳಿದು ಹಣ ವೆಚ್ಚ ಮಾಡುವುದು ಒಳಿತು.

ಕಳವಿನ ವಿಧಾನಗಳು

ಹಳೆಯ ಕಾರುಗಳನ್ನು ಕದಿಯಲು ಹೆಚ್ಚಿನ ವಿದ್ಯೆ ಬೇಕಿರಲಿಲ್ಲ. ಕಿಟಕಿಯ ಗಾಜು ಒಡೆದು ಅಥವಾ ಬಾಗಿಲ ಬೀಗ ತಿರುಚಿ ಒಳನುಗ್ಗಿ, ಇಗ್ನಿಷನ್ ತಂತಿಗಳನ್ನು ಜೋಡಿಸಿದರೆ ಎಂಜಿನ್ ಚಾಲೂ ಆಗುತ್ತಿತ್ತು. ನಕಲಿ ಕೀಲಿಕೈ ಬಳಸುವುದು ಮತ್ತೊಂದು ದಾರಿ. ಗ್ಯಾರೇಜು, ಕಾರು ತೊಳೆಯುವ ಅಂಗಡಿ, ಹೋಟೆಲಿನ ವ್ಯಾಲೆ ಪಾರ್ಕಿಂಗ್ ಮುಂತಾದೆಡೆ ಕೀಲಿಕೈ ಅಪರಿಚಿತರ ಕೈಯಲ್ಲಿ ಸ್ವಲ್ಪ ಹೊತ್ತು ಇದ್ದರೂ ಅದರ ಪಡಿಯಚ್ಚು ತೆಗೆಯುವುದು ಸಾಧ್ಯ.

ಹೊಸ ಕಾರುಗಳಲ್ಲಿ ಕಳವು ವಿದ್ಯುನ್ಮಾನ ರೂಪ ಪಡೆದಿದೆ. ಸ್ಟೀರಿಂಗ್ ಕೆಳಭಾಗದಲ್ಲಿ ದುರಸ್ತಿಗಾರರ ಅನುಕೂಲಕ್ಕೆಂದು ಇರುವ ಒಬಿಡಿ ಸಂಪರ್ಕ ಕಿಂಡಿಗೆ ಉಪಕರಣವೊಂದನ್ನು ಜೋಡಿಸಿ, ಖಾಲಿ ಕೀಲಿಕೈಯನ್ನು ಆ ಕಾರಿಗೆ ಹೊಂದಿಸುವುದು ಒಂದು ತಂತ್ರ. ಕೀಲಿಕೈ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿ ಚಾಲೂ ಮಾಡಬಹುದಾದ ಕಾರುಗಳ ವಿರುದ್ಧ ‘ರಿಲೇ’ ತಂತ್ರ ಬಳಕೆಯಲ್ಲಿದೆ. ಒಬ್ಬನು ಮನೆಯ ಬಾಗಿಲ ಬಳಿ, ಮತ್ತೊಬ್ಬನು ಕಾರಿನ ಬಳಿ ಉಪಕರಣ ಹಿಡಿದು ನಿಲ್ಲುತ್ತಾರೆ. ಕಾರು ಹೊರಡಿಸುವ ದುರ್ಬಲ ಸಂಕೇತವನ್ನು ಮನೆಯೊಳಗಿನ ಕೀಲಿಕೈವರೆಗೆ ದಾಟಿಸಿದಾಗ, ಕೀಲಿಕೈ ಹತ್ತಿರದಲ್ಲೇ ಇದೆಯೆಂದು ಕಾರು ನಂಬಿ ಬಾಗಿಲು ತೆರೆಯುತ್ತದೆ. ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿರುವ ಇಟಿಎಚ್ ಸಂಸ್ಥೆಯ ಸಂಶೋಧಕರು 2011ರಲ್ಲೇ ಎಂಟು ತಯಾರಕರ ಹತ್ತು ಮಾದರಿಗಳ ಮೇಲೆ ಈ ದಾಳಿ ಸಾಧ್ಯವೆಂದು ತೋರಿಸಿದ್ದರು. ಮುಂದಿನ ದೀಪದ ಹಿಂಬದಿಯ ತಂತಿಗಳ ಮೂಲಕ ಕಾರಿನ ಆಂತರಿಕ ಸಂಪರ್ಕ ಜಾಲಕ್ಕೆ ಸುಳ್ಳು ಸಂದೇಶ ನುಗ್ಗಿಸಿ ಬೀಗ ತೆಗೆಯುವ ವಿಧಾನದ ತಾಂತ್ರಿಕ ವಿವರ 2023ರಲ್ಲಿ ಬ್ರಿಟನ್‌ನಲ್ಲಿ ಬಹಿರಂಗವಾಯಿತು.

ಕದ್ದ ಕಾರುಗಳೆಲ್ಲ ಇಡಿಯಾಗಿ ಮಾರಾಟವಾಗುವುದಿಲ್ಲ. ಕೆಲವನ್ನು ಬಿಡಿಭಾಗಗಳಾಗಿ ಕಳಚಿ ಗುಜರಿಗೆ ಸಾಗಿಸಲಾಗುತ್ತದೆ. ಇನ್ನು ಕೆಲವು ಪ್ರಕರಣಗಳಲ್ಲಿ, ಅಪಘಾತದಲ್ಲಿ ಪೂರ್ಣ ಜಖಂಗೊಂಡ ಕಾರಿನ ದಾಖಲೆಗಳನ್ನು ಅಗ್ಗದ ಬೆಲೆಗೆ ಕೊಂಡು, ಅದೇ ಮಾದರಿಯ ಮತ್ತು ಬಣ್ಣದ ಕಾರನ್ನು ಕದ್ದು, ಹಳೆಯ ಚಾಸಿ ಸಂಖ್ಯೆಯನ್ನು ಅದರ ಮೇಲೆ ಕೆತ್ತಿ ಮಾರುವ ಜಾಲಗಳೂ ಪೊಲೀಸರ ಬಲೆಗೆ ಬಿದ್ದಿವೆ.

ಇಮ್ಮೊಬಿಲೈಸರ್: ಮೊದಲ ರಕ್ಷಾಕವಚ

ಕಳವು ತಡೆಯಲ್ಲಿ ಅತ್ಯಂತ ಪರಿಣಾಮಕಾರಿ ಎಂದು ಸಾಬೀತಾಗಿರುವ ಸಾಧನ ಇಮ್ಮೊಬಿಲೈಸರ್. ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗೆ ಬ್ಯಾಟರಿಯ ಅಗತ್ಯವಿಲ್ಲದ ಪುಟ್ಟ ಚಿಪ್ ಇರುತ್ತದೆ. ಕೀಲಿಕೈಯನ್ನು ಇಗ್ನಿಷನ್‌ಗೆ ಹಾಕಿದಾಗ ಸುತ್ತಲಿನ ಸುರುಳಿ ತಂತಿ ಆ ಚಿಪ್‌ಗೆ ಶಕ್ತಿ ನೀಡಿ ಗೂಢ ಸಂಕೇತವನ್ನು ಓದಿಕೊಳ್ಳುತ್ತದೆ. ಸಂಕೇತ ಹೊಂದಿಕೆಯಾಗದಿದ್ದರೆ ಎಂಜಿನ್ ನಿಯಂತ್ರಣ ಘಟಕವು ಇಂಧನ ಅಥವಾ ಕಿಡಿಯನ್ನು ಬಿಡುಗಡೆ ಮಾಡುವುದಿಲ್ಲ. ತಂತಿ ಜೋಡಿಸುವ ಹಳೆಯ ವಿದ್ಯೆ ಇಲ್ಲಿ ನಡೆಯದು. ಕೀಲಿಕೈಯ ಹಲ್ಲುಗಳ ಪಡಿಯಚ್ಚು ತೆಗೆದರೂ ಪ್ರಯೋಜನವಿಲ್ಲ.

ಐರೋಪ್ಯ ಒಕ್ಕೂಟವು 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. ನೆದರ್‌ಲೆಂಡ್ಸ್‌ನಲ್ಲಿ 1995ರಿಂದ 2008ರ ನಡುವಿನ ಅಂಕಿ ಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಈ ಸಾಧನದಿಂದಾಗಿ ಕಾರು ಕಳವಿನ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತೆಂದು ಅಂದಾಜಿಸಿದ್ದಾರೆ.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಉದಾಹರಣೆ. ಅಲ್ಲಿ 2015ನೇ ಮಾದರಿ ವರ್ಷದಲ್ಲಿ ಇತರ ತಯಾರಕರ ಶೇ 96ರಷ್ಟು ಕಾರು ಸರಣಿಗಳಲ್ಲಿ ಇಮ್ಮೊಬಿಲೈಸರ್ ಇದ್ದರೆ, ಹ್ಯುಂಡೈ ಮತ್ತು ಕಿಯಾ ಸರಣಿಗಳಲ್ಲಿ ಇದ್ದುದು ಶೇ 26ರಲ್ಲಿ ಮಾತ್ರ. 2021ರಿಂದೀಚೆಗೆ ಈ ಕೊರತೆಯನ್ನು ತೋರಿಸುವ ವಿಡಿಯೊಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡಿ, ಹದಿಹರೆಯದವರೂ ಆ ಕಾರುಗಳನ್ನು ಕದಿಯತೊಡಗಿದರು. 2023ರಲ್ಲಿ ಎರಡೂ ಕಂಪನಿಗಳು ತಂತ್ರಾಂಶ ಪರಿಷ್ಕರಣೆ ನೀಡಿ, ಉಚಿತವಾಗಿ ಸ್ಟೀರಿಂಗ್ ಬೀಗ ಹಂಚಬೇಕಾಯಿತು. 2007ರಿಂದಲೇ ಇಮ್ಮೊಬಿಲೈಸರ್ ಕಡ್ಡಾಯವಾಗಿದ್ದ ನೆರೆಯ ಕೆನಡಾ ಈ ಪಿಡುಗಿನಿಂದ ಪಾರಾಯಿತು. ಒಂದು ಸಣ್ಣ ಚಿಪ್ ಇದ್ದುದಕ್ಕೂ ಇಲ್ಲದಿದ್ದುದಕ್ಕೂ ಇದ್ದ ವ್ಯತ್ಯಾಸವಿದು.

ತಮ್ಮ ಕಾರಿನಲ್ಲಿ ಇಮ್ಮೊಬಿಲೈಸರ್ ಇದೆಯೇ ಎಂಬುದನ್ನು ಮಾಲೀಕರು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾರಿನ ಕೈಪಿಡಿಯಲ್ಲಿ ಈ ಮಾಹಿತಿ ಇರುತ್ತದೆ. ಅನೇಕ ಮಾದರಿಗಳಲ್ಲಿ ಇಗ್ನಿಷನ್ ಆನ್ ಮಾಡಿದಾಗ ಮುಂಫಲಕದಲ್ಲಿ ಕೀಲಿಕೈ ಚಿತ್ರವುಳ್ಳ ಪುಟ್ಟ ದೀಪ ಬೆಳಗಿ ಆರುತ್ತದೆ. ಕೀಲಿಕೈ ಕಳೆದುಹೋದರೆ ಹೊಸದನ್ನು ಮಾಡಿಸಿದರಷ್ಟೇ ಸಾಲದು. ಕಳೆದ ಕೀಲಿಕೈಯ ಸಂಕೇತವನ್ನು ಕಾರಿನ ಸ್ಮರಣೆಯಿಂದ ಅಳಿಸುವಂತೆ ಅಧಿಕೃತ ಸೇವಾ ಕೇಂದ್ರಕ್ಕೆ ತಿಳಿಸಬೇಕು. ಇಲ್ಲವಾದರೆ ಅದು ಸಿಕ್ಕವರ ಪಾಲಿಗೆ ಕಾರು ತೆರೆದೇ ಇರುತ್ತದೆ.

ಕಣ್ಣಿಗೆ ಕಾಣುವ ಬೀಗಗಳು

ಕಳ್ಳನಿಗೆ ಬೇಡವಾದದ್ದು ಎರಡು: ಸದ್ದು ಮತ್ತು ವಿಳಂಬ. ಸ್ಟೀರಿಂಗ್ ಚಕ್ರಕ್ಕೆ ಅಡ್ಡಲಾಗಿ ಹಾಕುವ ಲೋಹದ ದಂಡ, ಗೇರ್ ದಂಡವನ್ನು ಕಟ್ಟಿಹಾಕುವ ಗೇರ್ ಲಾಕ್, ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳನ್ನು ಹಿಡಿದಿಡುವ ಪೆಡಲ್ ಲಾಕ್, ಗಾಲಿಗೆ ಹಾಕುವ ಕ್ಲಾಂಪ್ ಇವೆಲ್ಲ ವಿಳಂಬ ಮಾಡುವ ಸಾಧನಗಳು. ಗಟ್ಟಿ ಉಪಕರಣವಿದ್ದರೆ ಇವನ್ನು ಕತ್ತರಿಸಬಹುದು. ಆದರೆ ಅದಕ್ಕೆ ಸಮಯ ಹಿಡಿಯುತ್ತದೆ, ಸದ್ದಾಗುತ್ತದೆ. ಒಂದೇ ಸಾಲಿನಲ್ಲಿ ನಿಂತ ಕಾರುಗಳ ಪೈಕಿ ಹೆಚ್ಚುವರಿ ಬೀಗವಿಲ್ಲದ ಕಾರನ್ನೇ ಕಳ್ಳ ಆರಿಸಿಕೊಳ್ಳುವ ಸಂಭವ ಹೆಚ್ಚು.

ರಿಲೇ, ಒಬಿಡಿ ಮುಂತಾದ ಹೊಸ ತಂತ್ರಗಳ ಎದುರು ಈ ಹಳೆಯ ಬೀಗಗಳು ಮತ್ತೆ ಮಹತ್ವ ಪಡೆದಿವೆ ಎಂಬುದು ಗಮನಾರ್ಹ. ವಿದ್ಯುನ್ಮಾನ ಭದ್ರತೆಯನ್ನು ಮೀರಿ ಎಂಜಿನ್ ಚಾಲೂ ಮಾಡಿದ ಕಳ್ಳನೂ ಗೇರ್ ಹಾಕಲಾಗದಿದ್ದರೆ, ಸ್ಟೀರಿಂಗ್ ತಿರುಗಿಸಲಾಗದಿದ್ದರೆ ಕಾರನ್ನು ಒಯ್ಯಲಾರ. ದಂಡವನ್ನು ಕೊಳ್ಳುವಾಗ ತೂಕ ಮತ್ತು ಬೀಗದ ಗುಣಮಟ್ಟವನ್ನು ನೋಡಬೇಕು. ಕಾರಿನೊಳಗೆ ರಂಧ್ರ ಕೊರೆದು ಅಳವಡಿಸುವ ಗೇರ್ ಲಾಕ್ ಆದರೆ ವಾರಂಟಿಗೆ ಧಕ್ಕೆಯಾಗದೆಂದು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಲೇಸು.

ಅಲಾರಂ ಮತ್ತು ಗುಪ್ತ ಸ್ವಿಚ್

ಬಾಗಿಲು, ಬಾನೆಟ್, ಡಿಕ್ಕಿ ತೆರೆದಾಗ ಅಥವಾ ಗಾಜು ಒಡೆದಾಗ ಕೂಗುವ ಅಲಾರಂ ಜನರ ಗಮನ ಸೆಳೆಯುತ್ತದೆ. ಅತಿಸೂಕ್ಷ್ಮವಾಗಿ ಹೊಂದಿಸಿದ ಅಲಾರಂ ಲಾರಿ ಹಾದುಹೋದರೂ, ಗುಡುಗಿದರೂ ಕೂಗುತ್ತದೆ. ಕೆಲವೇ ದಿನಗಳಲ್ಲಿ ನೆರೆಹೊರೆಯವರು ಅದಕ್ಕೆ ಕಿವುಡಾಗುತ್ತಾರೆ. ಆದ್ದರಿಂದ ಸೂಕ್ಷ್ಮತೆಯನ್ನು ಹದವಾಗಿ ಹೊಂದಿಸುವುದು, ಬ್ಯಾಟರಿ ತಂತಿ ಕಿತ್ತರೂ ಕೂಗುವಂತೆ ಪ್ರತ್ಯೇಕ ಬ್ಯಾಟರಿಯುಳ್ಳ ಸೈರನ್ ಆರಿಸುವುದು ಅಗತ್ಯ.

ಇಂಧನ ಪಂಪಿನ ವಿದ್ಯುತ್ ಸಂಪರ್ಕವನ್ನು ಕಡಿಯುವ ಗುಪ್ತ ಸ್ವಿಚ್ ಅಗ್ಗದ ಮತ್ತು ಉಪಯುಕ್ತ ಉಪಾಯ, ಇಮ್ಮೊಬಿಲೈಸರ್ ಇಲ್ಲದ ಹಳೆಯ ಕಾರುಗಳಿಗಂತೂ ಹೇಳಿಮಾಡಿಸಿದ್ದು. ಆದರೆ ನುರಿತ ಎಲೆಕ್ಟ್ರಿಷಿಯನ್‌ನಿಂದಲೇ ಇದನ್ನು ಮಾಡಿಸಬೇಕು. ತಂತಿಯ ಜೋಡಣೆ ಸಡಿಲವಾದರೆ ಹೆದ್ದಾರಿಯಲ್ಲಿ ಎಂಜಿನ್ ಏಕಾಏಕಿ ನಿಲ್ಲಬಹುದು, ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿಯೂ ಹೊತ್ತಬಹುದು. ಮೊಬೈಲ್ ಮೂಲಕ ದೂರದಿಂದಲೇ ಎಂಜಿನ್ ನಿಲ್ಲಿಸುವ ಸಾಧನಗಳೂ ಲಭ್ಯವಿವೆ. ಚಲಿಸುತ್ತಿರುವ ಕಾರಿನ ಎಂಜಿನ್ ನಿಂತರೆ ಬ್ರೇಕ್ ಮತ್ತು ಸ್ಟೀರಿಂಗ್ ಬಿಗಿಯಾಗಿ ರಸ್ತೆಯಲ್ಲಿರುವ ಅಮಾಯಕರ ಜೀವಕ್ಕೇ ಅಪಾಯ. ಕಾರು ನಿಂತ ಬಳಿಕ ಮರುಚಾಲನೆಯನ್ನು ಮಾತ್ರ ತಡೆಯುವ ಸಾಧನವೇ ಸುರಕ್ಷಿತ.

ಜಿಪಿಎಸ್: ತಡೆಯುವುದಿಲ್ಲ, ಹುಡುಕುತ್ತದೆ

ಜಿಪಿಎಸ್ ಸಾಧನವು ಉಪಗ್ರಹಗಳ ಸಂಕೇತದಿಂದ ಸ್ಥಳವನ್ನು ಲೆಕ್ಕಹಾಕಿ, ಮೊಬೈಲ್ ಸಿಮ್ ಮೂಲಕ ಮಾಲೀಕರಿಗೆ ತಿಳಿಸುತ್ತದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಟ್ಯಾಕ್ಸಿ, ಬಸ್ಸು ಮುಂತಾದ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿಯನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. ಖಾಸಗಿ ಕಾರುಗಳಿಗೆ ಈ ಕಟ್ಟಳೆ ಇಲ್ಲ.

ಒಬಿಡಿ ಕಿಂಡಿಗೆ ಚುಚ್ಚುವ ಜಿಪಿಎಸ್ ಸಾಧನವನ್ನು ಅಳವಡಿಸುವುದು ಸುಲಭ. ಕಳ್ಳನಿಗೆ ಕೀಳುವುದು ಅದಕ್ಕಿಂತ ಸುಲಭ. ಮುಂಫಲಕದ ಹಿಂದೆ ಅಥವಾ ಆಸನದ ಕೆಳಗೆ ಅಡಗಿಸಿ ತಂತಿ ಜೋಡಿಸಿದ, ಒಳಬ್ಯಾಟರಿಯುಳ್ಳ ಸಾಧನ ಹೆಚ್ಚು ಉಪಯುಕ್ತ. ನೆಲಮಾಳಿಗೆಯಲ್ಲಿ ಉಪಗ್ರಹ ಸಂಕೇತ ಸಿಗದು, ಸಂಕೇತ ತಡೆಯುವ ಜ್ಯಾಮರ್ ಎದುರು ಸಾಧನ ಮೂಕವಾಗುತ್ತದೆ. ವಾರ್ಷಿಕ ಶುಲ್ಕ ಕಟ್ಟದೆ ಸಿಮ್ ಸ್ಥಗಿತಗೊಂಡಿದ್ದರೆ ಕಳವಾದ ದಿನವೇ ಅದು ಗೊತ್ತಾಗುವ ಸಂದರ್ಭ ಒದಗಬಹುದು. ತಿಂಗಳಿಗೊಮ್ಮೆ ಮೊಬೈಲ್‌ನಲ್ಲಿ ಸ್ಥಳ ಪರೀಕ್ಷಿಸುವ ರೂಢಿ ಒಳ್ಳೆಯದು.

ತಯಾರಕರೇ ಅಂತರ್ಜಾಲ ಸಂಪರ್ಕ ಕೊಟ್ಟಿರುವ ಹೊಸ ಕಾರುಗಳಲ್ಲಿಯೂ ಉಚಿತ ಅವಧಿ ಮುಗಿದ ಮೇಲೆ ಚಂದಾ ನವೀಕರಿಸಬೇಕಾಗುತ್ತದೆ. ಇಂಥ ಕಾರನ್ನು ಹಳೆಯದಾಗಿ ಕೊಂಡವರು ಹಿಂದಿನ ಮಾಲೀಕರ ಖಾತೆಯನ್ನು ತೆಗೆಸಲು ಮರೆಯಬಾರದು. ಕಾರು ಎಲ್ಲಿದೆಯೆಂದು ಜಿಪಿಎಸ್ ತೋರಿಸಿದರೂ ಮಾಲೀಕರು ತಾವೇ ಬೆನ್ನಟ್ಟಿ ಹೋಗುವುದು ಅಪಾಯಕಾರಿ. ಆ ಮಾಹಿತಿಯನ್ನು ಪೊಲೀಸರಿಗೆ ಒಪ್ಪಿಸುವುದೇ ಸರಿ.

ಕೀಲಿರಹಿತ ಕಾರುಗಳಿಗೆ

ಗುಂಡಿ ಒತ್ತಿ ಚಾಲೂ ಮಾಡುವ ಕಾರಿನ ಕೀಲಿಕೈಯನ್ನು ಮುಂಬಾಗಿಲ ಬಳಿಯ ಗೂಟಕ್ಕೆ ನೇತುಹಾಕುವ ಅಭ್ಯಾಸ ಬಿಡಬೇಕು. ಸಂಕೇತ ತಡೆಯುವ ಲೋಹದ ಪದರವುಳ್ಳ ಚೀಲಗಳು ಅಂಗಡಿಗಳಲ್ಲಿ ಸಿಗುತ್ತವೆ. ಕೀಲಿಕೈಯನ್ನು ಚೀಲದಲ್ಲಿಟ್ಟು ಕಾರಿನ ಪಕ್ಕ ನಿಂತು ಬಾಗಿಲು ತೆರೆಯಲು ಯತ್ನಿಸಿದರೆ ಚೀಲದ ಗುಣಮಟ್ಟ ತಿಳಿಯುತ್ತದೆ. ಬಾಗಿಲು ತೆರೆದುಕೊಂಡರೆ ಚೀಲ ನಿರುಪಯುಕ್ತ. ಎರಡನೆಯ ಕೀಲಿಕೈಯನ್ನೂ ಹೀಗೆಯೇ ಇಡಬೇಕು.

ರಿಮೋಟ್ ಒತ್ತಿದ ಮಾತ್ರಕ್ಕೆ ಬೀಗ ಬಿದ್ದಿದೆ ಎಂದು ಭಾವಿಸುವುದೂ ತಪ್ಪು. ವಾಹನ ನಿಲುಗಡೆ ತಾಣಗಳಲ್ಲಿ ರಿಮೋಟ್ ಸಂಕೇತಕ್ಕೆ ಅಡ್ಡಿಪಡಿಸಿ, ಬೀಗ ಬೀಳದಂತೆ ನೋಡಿಕೊಳ್ಳುವ ಕಳ್ಳರಿದ್ದಾರೆ. ಹಿಡಿ ಎಳೆದು ನೋಡಿಯೇ ಮುಂದೆ ಸಾಗಬೇಕು.

ಗುರುತಿನ ಭದ್ರತೆ

ಪ್ರತಿ ಕಾರಿಗೂ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಜನ ಇದನ್ನೇ ಚಾಸಿ ನಂಬರ್ ಎನ್ನುತ್ತಾರೆ. ಈ ಸಂಖ್ಯೆಯನ್ನು ಎಲ್ಲ ಕಿಟಕಿ ಗಾಜುಗಳ ಮೇಲೆ ಕೆತ್ತಿಸಿದರೆ, ಕದ್ದ ಕಾರಿನ ಗುರುತು ಬದಲಿಸಲು ಕಳ್ಳ ಎಲ್ಲ ಗಾಜುಗಳನ್ನೂ ಬದಲಿಸಬೇಕಾಗುತ್ತದೆ. ಅಲ್ಪ ವೆಚ್ಚದ ಈ ಉಪಾಯದಿಂದ ಆತನ ಲಾಭ ಕುಗ್ಗುತ್ತದೆ.

ಅತಿ ಸುರಕ್ಷಿತ ನೋಂದಣಿ ಫಲಕದ, ಅಂದರೆ ಎಚ್‌ಎಸ್‌ಆರ್‌ಪಿಯ ಉದ್ದೇಶವೂ ಇದೇ. ಅಶೋಕ ಚಕ್ರದ ಹೊಲೊಗ್ರಾಂ, ಲೇಸರ್ ಕಿರಣದಿಂದ ಕೆತ್ತಿದ ವಿಶಿಷ್ಟ ಸಂಖ್ಯೆ, ಬಿಚ್ಚಿದರೆ ಮುರಿಯುವ ಸ್ನ್ಯಾಪ್ ಲಾಕ್ ಇದರ ಲಕ್ಷಣಗಳು. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಇದು ದೇಶದಾದ್ಯಂತ ಕಡ್ಡಾಯ. ಅದಕ್ಕೂ ಮೊದಲು ನೋಂದಣಿಯಾದ ವಾಹನಗಳಿಗೂ ಅಳವಡಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿ, ಗಡುವನ್ನು ಹಲವು ಬಾರಿ ವಿಸ್ತರಿಸಿತು. ಫಲಕ ಕಳವನ್ನು ತಡೆಯದು. ನಕಲಿ ಫಲಕ ಹಾಕಿಕೊಂಡು ಓಡಾಡುವುದನ್ನು ಕಷ್ಟವಾಗಿಸುತ್ತದೆ.

ನಿಲ್ಲಿಸುವ ಜಾಗ, ನಡೆದುಕೊಳ್ಳುವ ರೀತಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳ ಹಳೆಯ ಬಡಾವಣೆಗಳಲ್ಲಿ ಮನೆಗೆ ಗ್ಯಾರೇಜಿಲ್ಲದೆ ರಸ್ತೆಬದಿಯಲ್ಲೇ ಕಾರು ನಿಲ್ಲಿಸುವವರು ಬಹಳ. ಅಂಥವರು ಬೀದಿದೀಪದ ಬೆಳಕಿರುವ, ಸಿಸಿಟಿವಿ ಕ್ಯಾಮೆರಾದ ಕಣ್ಣಿಗೆ ಬೀಳುವ ಜಾಗ ಆರಿಸಿಕೊಳ್ಳಬೇಕು. ಮುಂದಿನ ಗಾಲಿಗಳನ್ನು ಪಾದಚಾರಿ ಮಾರ್ಗದತ್ತ ತಿರುಗಿಸಿ ನಿಲ್ಲಿಸಿದರೆ ಕಾರನ್ನು ಎಳೆದೊಯ್ಯುವುದು ಕಷ್ಟ.

ಲ್ಯಾಪ್‌ಟಾಪ್ ಚೀಲ, ಮೊಬೈಲ್, ಕೈಚೀಲಗಳನ್ನು ಆಸನದ ಮೇಲೆ ಬಿಟ್ಟು ಹೋಗುವುದು ಗಾಜು ಒಡೆಯಲು ಆಹ್ವಾನ ನೀಡಿದಂತೆ. ‘ಟೈರ್ ಪಂಕ್ಚರ್ ಆಗಿದೆ’, ‘ಎಂಜಿನ್‌ನಿಂದ ಆಯಿಲ್ ಸೋರುತ್ತಿದೆ’, ‘ನಿಮ್ಮ ನೋಟು ಬಿದ್ದಿದೆ’ ಎಂದು ಗಮನ ಬೇರೆಡೆ ಸೆಳೆದು ದೋಚುವ ತಂಡಗಳ ಬಗ್ಗೆ ಬೆಂಗಳೂರು ಪೊಲೀಸರು ಆಗಾಗ ಎಚ್ಚರಿಕೆ ನೀಡುತ್ತಲೇ ಇದ್ದಾರೆ. ಇಳಿಯುವಾಗ ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದುಕೊಂಡು, ಬಾಗಿಲು ಭದ್ರಪಡಿಸುವುದು ಕಡ್ಡಾಯ ನಿಯಮವಾಗಬೇಕು. ‘ಒಂದೇ ನಿಮಿಷ’ ಎಂದು ಬೇಕರಿ, ಔಷಧ ಅಂಗಡಿ ಮುಂದೆ ಎಂಜಿನ್ ಚಾಲೂ ಬಿಟ್ಟು ಇಳಿದರೆ ಯಾವ ಬೀಗವೂ ಕಾಯದು.

ವಿಮೆಯ ಸೂಕ್ಷ್ಮಗಳು

ಕಳವಿಗೆ ಪರಿಹಾರ ಸಿಗುವುದು ಸಮಗ್ರ ವಿಮೆ ಅಥವಾ ಸ್ವಂತ ಹಾನಿ ವಿಮೆ ಇದ್ದಾಗ ಮಾತ್ರ. ಮೂರನೇ ವ್ಯಕ್ತಿ ವಿಮೆಯಿಂದ ನಯಾಪೈಸೆಯೂ ದೊರೆಯದು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಇದರೊಂದಿಗೆ ಒಂದೇ ವರ್ಷದ ಸ್ವಂತ ಹಾನಿ ವಿಮೆ ಪಡೆದವರು, ಮೂರು ವರ್ಷವೂ ಪೂರ್ಣ ರಕ್ಷಣೆ ಇದೆಯೆಂದು ತಪ್ಪಾಗಿ ಭಾವಿಸುವ ಸಂಭವವಿದೆ. ಪಾಲಿಸಿಯ ಎರಡೂ ಭಾಗಗಳ ಮುಕ್ತಾಯ ದಿನಾಂಕವನ್ನು ಪ್ರತ್ಯೇಕವಾಗಿ ನೋಡಬೇಕು.

ಪರಿಹಾರದ ಮೊತ್ತ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ. ಕಾರಿಗೆ ಎರಡರಿಂದ ಮೂರು ವರ್ಷವಾಗಿದ್ದರೆ ತಯಾರಕರ ಬೆಲೆಯಲ್ಲಿ ಶೇ 30, ನಾಲ್ಕರಿಂದ ಐದು ವರ್ಷವಾಗಿದ್ದರೆ ಶೇ 50 ಸವಕಳಿ ಕಳೆಯಲಾಗುತ್ತದೆ. 10 ಲಕ್ಷ ರೂಪಾಯಿ ಬೆಲೆಯ ಕಾರು ಮೂರನೇ ವರ್ಷದಲ್ಲಿ ಕಳವಾದರೆ ಸಿಗುವುದು ಸುಮಾರು 7 ಲಕ್ಷ ರೂಪಾಯಿ. ಕಾರಿಗೆ ಸಾಲವಿದ್ದರೆ ಆ ಹಣ ಮೊದಲು ಬ್ಯಾಂಕಿಗೆ ಸಂದಾಯವಾಗುತ್ತದೆ. ಖರೀದಿ ಬಿಲ್ಲಿನ ಮೊತ್ತವನ್ನೇ ಕೊಡುವ ಹೆಚ್ಚುವರಿ ರಕ್ಷಣೆ ಹೊಸ ಕಾರುಗಳಿಗೆ ಲಭ್ಯ.

ಪುಣೆಯ ಎಆರ್‌ಎಐ ಸಂಸ್ಥೆ ಮಾನ್ಯ ಮಾಡಿದ ಕಳವು ನಿರೋಧಕ ಸಾಧನ ಅಳವಡಿಸಿದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ 2.5ರಷ್ಟು, ಗರಿಷ್ಠ 500 ರೂಪಾಯಿ ರಿಯಾಯಿತಿಗೆ 2002ರ ಭಾರತೀಯ ಮೋಟಾರು ದರಪಟ್ಟಿ ಅವಕಾಶ ನೀಡಿತ್ತು. ಸಾಧನ ಕೊಳ್ಳುವ ಮುನ್ನ ತಮ್ಮ ವಿಮಾ ಕಂಪನಿ ಎಷ್ಟು ರಿಯಾಯಿತಿ ಕೊಡುತ್ತದೆಂದು ವಿಚಾರಿಸುವುದು ಒಳಿತು.

ಪರಿಹಾರ ಕೇಳುವಾಗ ಎಲ್ಲ ಮೂಲ ಕೀಲಿಕೈಗಳನ್ನೂ ವಿಮಾ ಕಂಪನಿಗಳು ಕೇಳುತ್ತವೆ. ಒಂದು ಕೀಲಿಕೈ ಕಡಿಮೆಯಾದರೂ ನಿರ್ಲಕ್ಷ್ಯದ ಪ್ರಶ್ನೆ ಏಳುತ್ತದೆ. ಹಾಗಾಗಿ ಕೀಲಿಕೈ ಕಳೆದ ದಿನವೇ ಪೊಲೀಸರಿಗೂ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿರಬೇಕು. ವಾಹನದಲ್ಲೇ ಕೀಲಿಕೈ ಬಿಟ್ಟಿದ್ದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು ಪೂರ್ಣ ನಿರಾಕರಿಸುವುದು ಸಲ್ಲದೆಂದು ಶೇ 75ರಷ್ಟು ಪಾವತಿಯನ್ನು ಎತ್ತಿಹಿಡಿಯಿತು. ಮಾಲೀಕರಿಗೆ ನಾಲ್ಕನೇ ಒಂದು ಭಾಗ ನಷ್ಟವಾದದ್ದೂ ಇಲ್ಲಿ ಪಾಠವೇ.

ಕಳವಾದ ಕೂಡಲೇ

ಸಂಚಾರ ಪೊಲೀಸರು ಕಾರನ್ನು ಎಳೆದೊಯ್ದಿಲ್ಲ, ಮನೆಯವರು ಒಯ್ದಿಲ್ಲ, ಸಾಲ ಬಾಕಿಗಾಗಿ ಬ್ಯಾಂಕು ವಶಪಡಿಸಿಕೊಂಡಿಲ್ಲ ಎಂದು ಖಚಿತವಾದ ಕ್ಷಣವೇ 112ಕ್ಕೆ ಕರೆ ಮಾಡಬೇಕು. ನಂತರ ಠಾಣೆಗೆ ತೆರಳಿ ದೂರು ನೀಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಂತೆ ಕೃತ್ಯ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದಲ್ಲಿ ಸಲ್ಲಿಸಿದ ದೂರಿಗೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಅದೇ ದಿನ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303 ಕಳವಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು, ಸೆಕ್ಷನ್ 305 ಸರಕು ಅಥವಾ ಪ್ರಯಾಣಿಕರ ಸಾಗಣೆಗೆ ಬಳಸುವ ವಾಹನದ ಕಳವಿಗೆ ಏಳು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ವಿಮಾ ಕಂಪನಿಗೂ ಅಂದೇ ತಿಳಿಸಬೇಕು. ಎಫ್‌ಐಆರ್ ತಕ್ಷಣ ದಾಖಲಾಗಿದ್ದರೆ, ವಿಮಾ ಕಂಪನಿಗೆ ತಿಳಿಸಲು ವಿಳಂಬವಾಯಿತೆಂಬ ಒಂದೇ ಕಾರಣಕ್ಕೆ ನೈಜ ಕೋರಿಕೆ ತಿರಸ್ಕರಿಸಲಾಗದು ಎಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ತೀರ್ಪಿತ್ತಿದೆ. ಆದರೆ ಇದು ಕಷ್ಟಕಾಲದ ಆಸರೆಯೇ ಹೊರತು ವಿಳಂಬಕ್ಕೆ ಪರವಾನಗಿಯಲ್ಲ.

ಫಾಸ್ಟ್ಯಾಗ್‌ನಿಂದ ಹಣ ಕಡಿತವಾದ ಸಂದೇಶ ಬಂದರೆ ಕಾರು ಯಾವ ಟೋಲ್ ಕೇಂದ್ರವನ್ನು ಎಷ್ಟು ಗಂಟೆಗೆ ದಾಟಿತೆಂಬ ಸುಳಿವು ಸಿಗುತ್ತದೆ. ಆದ್ದರಿಂದ ಅದನ್ನು ಸ್ಥಗಿತಗೊಳಿಸುವ ಮುನ್ನ ತನಿಖಾಧಿಕಾರಿಯನ್ನು ಕೇಳುವುದು ಉಚಿತ. ನೆರೆಹೊರೆಯ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಅವನ್ನು ಕೂಡಲೇ ಕಾಯ್ದಿಡಲು ಕೋರಬೇಕು. ಕಾರು ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ‘ಸಿ’ ವರದಿ ವಿಮಾ ಪರಿಹಾರಕ್ಕೆ ಮುಖ್ಯ ದಾಖಲೆ. ಸಾರಿಗೆ ಕಚೇರಿಗೂ ಕಳವಿನ ಮಾಹಿತಿ ನೀಡಿ, ಬೇರೊಬ್ಬರ ಹೆಸರಿಗೆ ವರ್ಗಾವಣೆಯಾಗದಂತೆ ತಡೆಯಬೇಕು.

ಹಳೆಯ ಕಾರು ಕೊಳ್ಳುವವರಿಗೆ

ಕದ್ದ ಕಾರನ್ನು ಅರಿಯದೆ ಕೊಂಡವರೂ ಅದನ್ನು ಉಳಿಸಿಕೊಳ್ಳಲಾರರು. ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬಾರದು ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲತತ್ವ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ಕಣ್ಣಾರೆ ಹೋಲಿಸಬೇಕು. ಉಜ್ಜಿದ, ಮತ್ತೆ ಬಣ್ಣ ಬಳಿದ ಕುರುಹು ಕಂಡರೆ ಹಿಂದೆ ಸರಿಯಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಘಟಕದ ‘ವಾಹನ ಸಮನ್ವಯ’ ವ್ಯವಸ್ಥೆಯಲ್ಲಿ ಕಳವಾದ ವಾಹನಗಳ ಮಾಹಿತಿ ಇರುತ್ತದೆ. ಎರಡು ಕೀಲಿಕೈ ಕೊಡಲಾಗದ ಮಾರಾಟಗಾರನನ್ನು ಕಾರಣ ಕೇಳುವುದು ತಪ್ಪಲ್ಲ.

ಮೊದಲು ಯಾವುದಕ್ಕೆ ವೆಚ್ಚ?

ಕೈಯಲ್ಲಿರುವ ಹಣ ಅಲ್ಪವಾದರೆ ಗಟ್ಟಿಯಾದ ಸ್ಟೀರಿಂಗ್ ಅಥವಾ ಗೇರ್ ಬೀಗವೇ ಮೊದಲ ಆಯ್ಕೆ. ಇಮ್ಮೊಬಿಲೈಸರ್ ಇಲ್ಲದ ಹಳೆಯ ಕಾರಿಗೆ ಅದರ ಜೊತೆ ಗುಪ್ತ ಸ್ವಿಚ್ ಸೇರಿಸಬಹುದು. ಕೀಲಿರಹಿತ ಕಾರಿಗೆ ಸಂಕೇತ ತಡೆಯುವ ಚೀಲ ಬೇಕೇಬೇಕು. ಮೂರನೆಯದಾಗಿ ಅಡಗಿಸಿಟ್ಟ ಜಿಪಿಎಸ್, ಆಮೇಲೆ ಅಲಾರಂ. ಇವೆಲ್ಲದರ ಹಿಂದೆ ಸಕಾಲಕ್ಕೆ ನವೀಕರಿಸಿದ ಸಮಗ್ರ ವಿಮೆ ಇರಲೇಬೇಕು. ಯಾವುದೇ ಕಾರನ್ನು ಕದಿಯಲಾಗದಂತೆ ಮಾಡುವುದು ಅಸಾಧ್ಯ. ಕದಿಯುವ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ ಎಂದು ಕಳ್ಳನಿಗೆ ಅನ್ನಿಸುವಂತೆ ಮಾಡುವುದು ಮಾತ್ರ ಪ್ರತಿಯೊಬ್ಬ ಮಾಲೀಕರಿಗೂ ಸಾಧ್ಯ.